ಎರಡು ಘನ ಮೀಟರಿನ ಲೆಕ್ಕ

ಪಿಂಪ್ರಿಯ ಕಾರ್ಖಾನೆ ಕಾಲನಿಯಲ್ಲಿ ಚನ್ನವೀರ ಮಾಸ್ತರರು ಕನ್ನಡದ ಮಕ್ಕಳಿಗೆ ಮನೆಯಲ್ಲೇ ಲೆಕ್ಕ ಹೇಳಿಕೊಡುತ್ತಿದ್ದರು. ಅವರ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅವರಿಗೂ ಆ ಹೆಮ್ಮೆ ಒಳಗೊಳಗೇ ಇತ್ತು.

ಅಂದು ಪೆಟ್ಟಿಗೆಯಾಕಾರದ ನೀರಿನ ತೊಟ್ಟಿಯೊಂದರ ಘನಫಲ ಕಂಡುಹಿಡಿಯಬೇಕಿತ್ತು. ಉದ್ದ, ಅಗಲ, ಎತ್ತರಗಳನ್ನು ಗುಣಿಸಿದಾಗ ಎರಡು ಘನ ಮೀಟರ್ ಬಂತು. ಅದನ್ನು ಘನ ಸೆಂಟಿಮೀಟರಿಗೆ ಬದಲಿಸುತ್ತ ಮಾಸ್ತರರು ಬೋರ್ಡಿನ ಮೇಲೆ ಇನ್ನೂರು ಎಂದು ಬರೆದರು. ಮಾಧುರಿ ಎದ್ದು ನಿಂತಳು.

“ಸರ್, ಇಪ್ಪತ್ತು ಲಕ್ಷ ಆಗ್ತದಲ್ರೀ?”

“ಮೀಟರಿಗೆ ನೂರು ಸೆಂಟಿಮೀಟರ್ ಅನ್ನೋದೂ ಗೊತ್ತಿಲ್ಲೇನ್ ನಿನಗ? ಲಕ್ಷ ಅಂತ ಲಕ್ಷ! ಕುಂದ್ರು!”

ಮಕ್ಕಳು ಗೊಳ್ಳೆಂದು ನಕ್ಕರು. ಮಾಸ್ತರರೂ ನಕ್ಕರು. ಹುಡುಗಿ ತಲೆ ತಗ್ಗಿಸಿ ತನ್ನ ಉತ್ತರವನ್ನು ಅಳಿಸಿದಳು.

ಸಂಜೆ ಹಾಲು ತರಲು ಹೊರಟಾಗ ಮಾಸ್ತರರಿಗೆ ಥಟ್ಟನೆ ಹೊಳೆಯಿತು. ನೂರರಿಂದ ಗುಣಿಸಬೇಕಾದದ್ದು ಉದ್ದವನ್ನಷ್ಟೇ ಅಲ್ಲ, ಅಗಲವನ್ನೂ ಎತ್ತರವನ್ನೂ. ಹುಡುಗಿ ಹೇಳಿದ್ದೇ ಸರಿ. ನಡುರಸ್ತೆಯಲ್ಲಿ ಅವರ ಮುಖ ಬಿಸಿಯಾಯಿತು. ಲೆಕ್ಕ ತಪ್ಪಿದ್ದಕ್ಕಿಂತ ತಾವೂ ನಕ್ಕಿದ್ದು ಅವರನ್ನು ಹೆಚ್ಚು ಚುಚ್ಚಿತು.

ಮರುದಿನ ಎಲ್ಲರೆದುರು ಹೇಳಿಬಿಟ್ಟರು: “ನಿನ್ನೆ ತಪ್ಪಿದಾಂವ ನಾನು. ಮಾಧುರಿ ಹೇಳಿದ್ದೇ ಖರೆ. ಸುಮ್ಮನ ಬೈದ್ನೆವ್ವಾ, ಮನಸ್ಸಿಗೆ ಹಚ್ಕೋಬ್ಯಾಡ.”

ಮಾಧುರಿ ಗಾಬರಿಯಾಗಿ, “ಇಲ್ರೀ ಸರ್, ನಿಮ್ಮದು ಹೆಂಗ ತಪ್ಪಾಗ್ತದ್ರಿ? ನಾ ಮನ್ಯಾಗ ಇನ್ನೂರಂತನೇ ಬಾಯಿಪಾಠ ಮಾಡೇನಿ,” ಎಂದಳು.

ಮಾಸ್ತರರು ಬೋರ್ಡಿನತ್ತ ತಿರುಗಿ ನಿಂತರು. ಮಕ್ಕಳಿಗೆ ಮುಖ ತೋರಿಸಲು ಅವರಿಗೆ ಸ್ವಲ್ಪ ಹೊತ್ತು ಆಗಲೇ ಇಲ್ಲ.