ನೀರು ಮುಟ್ಟದ ಕಾಕು

ಕಾಕುವಿನ ತುಟಿಗಳು ವರ್ಷದ ಹನ್ನೆರಡು ತಿಂಗಳೂ ಒಡೆದಿರುತ್ತಿದ್ದವು. ಮಳೆಗಾಲದಲ್ಲೂ ಅಷ್ಟೇ. ಕೆಳತುಟಿಯ ಸೀಳಿಗೆ ತುಪ್ಪ ಹಚ್ಚಿಕೊಂಡು, ಅದು ಆರುವ ಮೊದಲೇ ಯಾರನ್ನಾದರೂ ಬೈಯುತ್ತಿದ್ದರು. ನಕ್ಕರೆ ರಕ್ತ ಜಿನುಗುತ್ತದೆಂದು ಸೆರಗಿನ ತುದಿಯಿಂದ ತುಟಿ ಒತ್ತಿ ಹಿಡಿದು ನಗುವರು. ಗೊತ್ತಿಲ್ಲದವರು ಅದನ್ನು ನಾಚಿಕೆ ಎಂದುಕೊಳ್ಳಬೇಕು. ನಾಚಿಕೆಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ. ಕೂಕಟ್‌ಪಲ್ಲಿಯ ಬಸ್ಸು ಹಿಡಿದು, ಅಲ್ಲಿಂದ ಮತ್ತೊಂದು ಬಸ್ಸು ಬದಲಿಸಿದರೆ ನಮ್ಮ ಕಾಲೊನಿ. ಮದುವೆಯಾಗಿ ಧಾರವಾಡದಿಂದ ಬಂದು, ತೆಲುಗೂ ಬಾರದೆ ಹಿಂದಿಯೂ ಬಾರದೆ ಕಣ್ಣು ಕಣ್ಣು ಬಿಡುತ್ತಿದ್ದ ನನಗೆ ಊರು ತೋರಿಸಿದವರು ಪಕ್ಕದ ಮನೆಯ ಈ ಕಾಕು. ಚಿಕ್ಕಮ್ಮನನ್ನು ಕರೆದಂತೆ ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು. ರಾಯಚೂರು ಕಡೆಯವರು. ಗಂಡ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ತೀರಿಕೊಂಡಿದ್ದರು, ಮಕ್ಕಳಿಲ್ಲ. ಕಾಲೊನಿಯ ಹಿಂದಿನ ಗುಡಿಸಲುಗಳ ಕೇರಿ, ಅಲ್ಲಿಯವರ ಮಾತಿನಲ್ಲಿ ಬಸ್ತಿ, ಅಲ್ಲಿನ ಹೆಂಗಸರೇ ಅವರ ಬಳಗ.

ಆ ಬಸ್ತಿಯಿಂದ ಹೆಂಗಸರನ್ನು ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಕಳಿಸುತ್ತಿದ್ದರು. ಹೋಗುವಾಗ ಹೊಸ ಸೀರೆ, ಹೊಸ ಚಪ್ಪಲಿ. ಇಳಿದ ಕೂಡಲೇ ಅಲ್ಲಿನ ಮಾಲೀಕ ಪಾಸ್‌ಪೋರ್ಟ್ ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದನೆಂದರೆ ಮುಗಿಯಿತು. ಸಂಬಳವಿಲ್ಲ, ಹೊರಗೆ ಬಿಡುವುದಿಲ್ಲ, ಏಟು ಮಾತ್ರ ಹೊತ್ತು ಹೊತ್ತಿಗೆ. ಕಳಿಸಿದ ಏಜೆಂಟ್ ಇಲ್ಲಿಂದ ಒಂದು ಫೋನು ಮಾಡಿದರೆ ಬಿಡುವರು. ಅವನು ಯಾಕೆ ಮಾಡುತ್ತಾನೆ?

ಮಾಡಿಸಲು ಕಾಕುವಿನದೇ ಒಂದು ದಾರಿ ಇತ್ತು. ಅಡುಗೆಯಾಗುವ ಹೊತ್ತಿಗೆ ಏಜೆಂಟನ ಮನೆಗೆ ಹೋಗಿ ಪಡಸಾಲೆಯಲ್ಲಿ ಕೂಡುವರು. ಮನೆಯವರು ತಂಬಿಗೆ ತಂದಿಟ್ಟರೆ, "ಈ ಮನಿ ನೀರು ಮುಟ್ಟಂಗಿಲ್ಲರಿ" ಎಂದು ಕೈ ಮುಗಿಯುವರು. ಅಷ್ಟೇ. ಜಗಳವಿಲ್ಲ, ಘೋಷಣೆಯಿಲ್ಲ. ಆದರೆ ಬಂದವರು ಬಾಯಾರಿ ಕೂತಿರುವಾಗ ಮನೆಯ ಹಿರಿಯರು ತಟ್ಟೆಗೆ ಕೈ ಹಾಕುವಂತಿಲ್ಲ, ನಮ್ಮ ಕಡೆಯ ರೀತಿ ಅದು. ಏಜೆಂಟನಿಗೆ ಮಾನವಿಲ್ಲದಿರಬಹುದು, ಅವನ ತಾಯಿಗೆ ಇರುತ್ತದೆ. ಸಂಜೆಯೊಳಗೆ ಆ ಮುದುಕಿಯೇ ಮಗನನ್ನು ಫೋನಿಗೆ ನೂಕುತ್ತಿದ್ದಳು. ಕಾಕುವಿನ ತುಟಿ ಒಡೆದದ್ದು ಹೀಗೆ ಕೂತು ಕೂತು.

ನಮ್ಮ ಪಾತ್ರೆ ತೊಳೆಯುತ್ತಿದ್ದವಳ ಮಗಳು ಹೋಗಿ ಸಿಕ್ಕಿಬಿದ್ದದ್ದು ಆಗಲೇ. ಇನ್ನೂ ಇಪ್ಪತ್ತು ತುಂಬದ ಹುಡುಗಿ. ಅಲ್ಲಿ ಯಾರದೋ ಫೋನಿನಿಂದ ಕಾಕುವಿನ ಮನೆಗೆ ಮಾತಾಡಿ, ಅಮ್ಮನನ್ನೂ ಕೇಳದೆ, "ಇಸ್ತ್ರಿಪೆಟ್ಟಿಗೆಯಿಂದ ಸುಟ್ಟರು" ಎಂದಷ್ಟೇ ಹೇಳಿದ್ದಳಂತೆ. ಅವಳನ್ನು ಕಳಿಸಿದವನು ಎರಡು ಓಣಿ ಆಚೆಯವನು. ನಮ್ಮವನೇ, ಕನ್ನಡದವನೇ. ಹಬ್ಬಕ್ಕೆ ಎಳ್ಳು-ಬೆಲ್ಲ ಹಿಡಿದು ಬರುತ್ತಿದ್ದ ಮನುಷ್ಯ. ಈಗಲೂ ನೆನೆದರೆ ಹೇಸಿಗೆಯಾಗುತ್ತದೆ.

ಅದೇ ವಾರ ಪುರಸಭೆಗೆ ಕಾಕುವಿನ ಮೇಲೆ ಪ್ರೀತಿ ಉಕ್ಕಿತು. ಚುನಾವಣೆ ಹತ್ತಿರವಿತ್ತು. ವಿದೇಶದಲ್ಲಿ ನಡೆಯುವ ಗುಲಾಮಗಿರಿಯ ವಿರುದ್ಧ ಹೋರಾಡುವವರಿಗೆ ಪುರಸಭೆಯ ಸಂಪೂರ್ಣ ಬೆಂಬಲ ಎಂದು ಠರಾವು ಮಾಡಿದ್ದರು. ನಮ್ಮ ವಾರ್ಡಿನ ಕೌನ್ಸಿಲರ್ ಮನೆಗೇ ಬಂದು, "ಅಮ್ಮಗಾರೂ, ನಿಮಗೆ ಸನ್ಮಾನ" ಎಂದ.

"ಶಾಲು ನಿಮ್ಮ ಹೆಂಡ್ತಿಗೆ ಹೊದಸ್ರಿ," ಎಂದರು ಕಾಕು ತಮ್ಮ ಹರಕು ತೆಲುಗಿನಲ್ಲಿ. "ನಾಳೆ ನನ್ನ ಜೋಡಿ ಏಜೆಂಟನ ಮನಿಗೆ ಬರ್ರಿ. ಅದು ಬೆಂಬಲ."

"ಸನ್ಮಾನ ಆಗಲಿ, ಮರುದಿನವೇ ಬರುತ್ತೇನೆ," ಎಂದು ಅವನು ತನ್ನ ತಾಯಿಯ ಮೇಲೆ ಆಣೆ ಇಟ್ಟ. ಅವನು ಹೋದ ಮೇಲೆ ಕಾಕು ನನ್ನತ್ತ ತಿರುಗಿ, "ಕೇಳಿದೇನವಾ? ಗುಲಾಮಗಿರಿ ಪರದೇಶದಾಗ ಐತಂತ. ವ್ಯಾಪಾರ ಮಾತ್ರ ನಮ್ಮ ಓಣ್ಯಾಗ" ಎಂದರು. ಆದರೂ ಹುಡುಗಿಗಾಗಿ ಒಪ್ಪಿಕೊಂಡರು.

ಸಮುದಾಯ ಭವನದಲ್ಲಿ ಸಮಾರಂಭ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೋದವನು ಸರಿಯಾಗಿ ತೆಗೆಯಲಿಲ್ಲವೆಂದು ಕಸಿದುಕೊಂಡು ಮತ್ತೆ ಕೊಟ್ಟರು. ಮಾತಾಡಿದ ಒಬ್ಬನಿಗೂ ಹುಡುಗಿಯ ಹೆಸರು ಗೊತ್ತಿರಲಿಲ್ಲ. ಆಮೇಲೆ ಊಟ. "ನಮ್ಮ ಟ್ಯಾಕ್ಸಿನ ರೊಕ್ಕದ ಊಟ, ಉಣ್ಣಾಕ ಏನು ಧಾಡಿ?" ಎಂದು ಕಾಕು ಎಲೆಯ ಮುಂದೆ ಕೂತರು. ಹಸಿದಿದ್ದರು. ಬದನೆಕಾಯಿ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡರು.

ಮಜ್ಜಿಗೆ ಬರುವ ಹೊತ್ತಿಗೆ ಮೈಕಿನಲ್ಲಿ ವಂದನಾರ್ಪಣೆ ಶುರುವಾಯಿತು. ಈ ದಿನದ ಭೋಜನದ ವ್ಯವಸ್ಥೆ ಮಾಡಿದ ಮಹನೀಯರು ಎಂದು ಆ ಏಜೆಂಟನ ಹೆಸರು ಕೂಗಿದರು. ಅವನು ಮೊದಲ ಸಾಲಿನಿಂದ ಎದ್ದು, ಎಲ್ಲರಿಗೂ ಕೈ ಮುಗಿದು, ಕಾಕುವಿನತ್ತ ನೋಡಿ ಹಲ್ಲು ಕಿರಿದ. ಕೌನ್ಸಿಲರ್ ಅವನ ಬೆನ್ನು ತಟ್ಟುತ್ತಿದ್ದ. ಕೂಸು ಚಿವುಟುವವನೂ ತೊಟ್ಟಿಲು ತೂಗುವವನೂ ಒಂದೇ ಪಂಕ್ತಿಯಲ್ಲಿ ಕೂತು ಪಾಯಸ ಉಂಡಿದ್ದರು.

ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಕಾಕುವಿಗೆ ಬೇಕಾಗಲಿಲ್ಲ. ಅವನ ಅನ್ನ ಉಂಡವರು ನಾಳೆ ಅವನ ಮನೆಯ ನೀರು ಒಲ್ಲೆ ಎನ್ನುವುದು ಹೇಗೆ? ಇದ್ದದ್ದು ಒಂದೇ ದಾರಿ, ಅದನ್ನು ಶಾಲು ಹೊದಿಸಿ ಮುಚ್ಚಿದ್ದರು. ಕಾಕು ಎಂಜಲು ಕೈಯಲ್ಲೇ ಎದ್ದು ಭವನದ ಹಿಂದೆ, ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ಹೋದರು. ಗಂಟಲಿಗೆ ಬೆರಳು ಹಾಕಿಕೊಂಡು ಉಂಡದ್ದನ್ನೆಲ್ಲ ಕಕ್ಕಿದರು. ಬರೀ ಹಳದಿ ನೀರು ಬರುವವರೆಗೆ ಬಿಡಲಿಲ್ಲ. ನಾನು ಹಣೆ ಹಿಡಿದುಕೊಂಡಿದ್ದೆ. ಅಡುಗೆಯವರು ನೋಡುತ್ತಿದ್ದರು. ಶಾಲಿನಿಂದಲೇ ಬಾಯಿ ಒರೆಸಿಕೊಂಡು, ಅದನ್ನು ಅಲ್ಲೇ ಎಸೆದು, "ನಡಿ" ಎಂದರು.

ಮರುದಿನ ಕೌನ್ಸಿಲರ್ ಬರಲಿಲ್ಲ. ಯಾವುದೋ ಮದುವೆಗೆ ಹೋಗಿದ್ದಾನೆಂದರು. ನಾವಿಬ್ಬರೇ ಹೋದೆವು. ಏಜೆಂಟನ ತಾಯಿ ತಂಬಿಗೆ ತಂದಿಟ್ಟಳು, ಕಾಕು ಕೈ ಮುಗಿದರು. ಮುದುಕಿಗೆ ನಗು ಬಂತು. "ನಿನ್ನೆ ನಮ್ಮ ಅನ್ನ ಉಂಡೀರಿ. ಇವತ್ತ ನೀರಿಗೆ ಎಂಥಾ ಸಿಟ್ಟ್ರೀ ಬಾಯಾರ?"

"ಉಂಡಿದ್ದೆರಿ," ಎಂದರು ಕಾಕು. "ಹೊಟ್ಟ್ಯಾಗ ಇಟ್ಕೊಳ್ಳಲಿಲ್ಲ. ಅಡಗಿಯವರನ್ನ ಕೇಳ್ರಿ."

ಮುದುಕಿಯ ಮುಖದ ನಗು ಹೋಯಿತು. ಕಾಲೊನಿಗೆಲ್ಲ ಆಗಲೇ ಸುದ್ದಿ ಹಬ್ಬಿತ್ತು, ಅವಳ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಮಗ ಒಳಗಿನಿಂದ ಬಂದು, "ಹುಡುಗಿ ಅಲ್ಲಿ ಆರಾಮ ಅದಾಳ. ಇವರದು ನಾಟಕ, ನೀ ಉಣ್ಣವ್ವಾ" ಎಂದ. ಮುದುಕಿ ಉಣ್ಣಲಿಲ್ಲ. ಕಾಕುವಿನ ಎದುರಿಗೆ ಗೋಡೆಗೊರಗಿ ಕೂತಳು. ಬಿಸಿಲು ಇಳಿಯುವವರೆಗೆ ಇಬ್ಬರೂ ಹಾಗೇ ಕೂತಿದ್ದರು. ಕೊನೆಗೆ ಅವಳೇ ಎದ್ದು ಮಗನಿಗೆ, "ನಮ್ಮ ಮನಿ ಅನ್ನ ಜನಾ ಕಕ್ಕೂ ಹಂಗ ಮಾಡಿದೆಲ್ಲೋ. ಹಚ್ಚು ಫೋನು" ಎಂದಳು.

ಹುಡುಗಿ ಬಂದಳು. ವಿಮಾನ ನಿಲ್ದಾಣಕ್ಕೆ ಕೌನ್ಸಿಲರ್ ಹಾರ ಹಿಡಿದು ಬಂದಿದ್ದ, ಪುರಸಭೆಯ ಬೆಂಬಲದ ಫಲ ಎಂದು ಪತ್ರಿಕೆಯವರಿಗೆ ಹೇಳುತ್ತಿದ್ದ. ಕಾಕು ಅವನ ಕಾಲ ಬುಡಕ್ಕೆ ಉಗುಳಿ, ಹುಡುಗಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು.

ಅವಳ ಬೆನ್ನಿನ ಗಾಯ ಮಾಯಿತು. ಆದರೆ ಕೇಳದೆ ಕೂಡುವುದನ್ನು ಅವಳು ಮರೆತೇಬಿಟ್ಟಿದ್ದಳು. ಯಾರ ಮನೆಗೆ ಹೋದರೂ, ತನ್ನ ತಾಯಿಯ ಗುಡಿಸಲಿನಲ್ಲೂ, ಗೋಡೆಗೆ ಅಂಟಿ ನಿಂತು "ಕೂರ್ಚೋನಾ?" ಎಂದು ಕೇಳುವಳು, ಕೂತುಕೊಳ್ಳಲಾ ಎಂದು. ಕಾಕು ಒಮ್ಮೆಯೂ ಬೇಸರಿಸದೆ "ಕೂಚೋ ತಲ್ಲಿ" ಎನ್ನುವರು, ಕೂತುಕೋ ತಾಯಿ ಎಂದು. ಜಗತ್ತನ್ನೆಲ್ಲ ಬೈಯುವ ಆ ಬಾಯಿ ಅಷ್ಟು ಮೆತ್ತಗಾಗುವುದನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಹೇಸಿಗೆಯನ್ನು ಕಂಡಾಗ ಹೇಸಿಗೆ ಎನ್ನಬೇಕು, ನುಂಗಿದ್ದರೂ ಕಕ್ಕಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದಲೇ. ಆ ಋಣ ತೀರುವುದಿಲ್ಲ.

ಕೆಲವು ವರ್ಷಗಳ ಮೇಲೆ ಕಾಕು ಹೋದರು. ಪಡಸಾಲೆಯಲ್ಲಿ ಮಲಗಿಸಿದ್ದೆವು. ಕೌನ್ಸಿಲರ್ ದೊಡ್ಡ ಹಾರ ತಂದ. ಅವನಿಗೆ ಕುರ್ಚಿ ಹಾಕಿದರು, ನಾವೆಲ್ಲ ಗೋಡೆಗುಂಟ ನಿಂತೆವು. ಫೋಟೋದವನು ಎಲ್ಲರನ್ನೂ ಹಿಂದೆ ಸರಿಸುತ್ತಿದ್ದ. ಅಷ್ಟರಲ್ಲಿ ಹುಡುಗಿ ಕೆಲಸದಿಂದ ಓಡೋಡಿ ಬಂದಳು. ಯಾರ ಮುಖವನ್ನೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಹೋಗಿ ಕಾಕುವಿನ ತಲೆಯ ಹತ್ತಿರ ಕೂತುಬಿಟ್ಟಳು. ಚೂರು ಆ ಕಡೆ ಸರಿಯಮ್ಮಾ, ಸಾಹೇಬರು ಕಾಣುವುದಿಲ್ಲ ಎಂದ ಫೋಟೋದವನು. ಅವಳು ಅಲ್ಲಾಡಲಿಲ್ಲ.