ಮೂರು ಬೆರಳಿನ ನೊರೆ

ನಮ್ಮ ಮನೆ ಓನರ್ ಬಲಗೈಯ ಮೂರು ಬೆರಳ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಬೆಳಿಗ್ಗೆ ವಿಭೂತಿ, ಆಮೇಲೆ ಅಂಟುವಾಳದ ನೊರೆ. ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಗ್ಯಾಸ್ ಪೈಪಿನ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಉಪ್ಪಾರಹಳ್ಳಿಯಲ್ಲಿ ಯಾರ ಮನೆ ಸಿಲಿಂಡರ್ ಸೋರಿದರೂ, ಗುಳ್ಳೆ ಏಳುವ ಜಾಗ ಹುಡುಕಲು ನೊರೆಯ ಬಟ್ಟಲು ಹಿಡಿದು ಹೊರಡುತ್ತಿದ್ದರು. ಸೋಪಿನ ಪುಡಿ ಮುಟ್ಟುತ್ತಿರಲಿಲ್ಲ. "ಅದು ಹಿತ್ತಾಳೆ ತಿನ್ತದೆ" ಅನ್ನುತ್ತಿದ್ದರು. ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಳಗಿನ ಮನೆಯನ್ನು ನನಗೆ ಬಾಡಿಗೆಗೆ ಕೊಡುವಾಗ ಅವರು ಹಾಕಿದ್ದು ಒಂದೇ ಷರತ್ತು: "ಮನೇಲಿ ಕುಡಿಯೋಂಗಿಲ್ಲ ಕಣಪ್ಪ." ತಲೆಯಾಡಿಸಿದ್ದ ನಾನೇ ಎರಡು ವರ್ಷಕ್ಕೆ ಬಾರ್ಲಿ ಕುದಿಸಿ ಬಿಯರ್ ಮಾಡಲು ಕುಳಿತೆ. ಬಿಯರೇನೋ ಆಯಿತು, ಅದನ್ನು ತುಂಬಿಟ್ಟ ಕೆಗ್ ಎಂಬ ಸ್ಟೀಲ್ ಪೀಪಾಯಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಗ್ಯಾಸು ನಿಲ್ಲಲಿಲ್ಲ. ಹೊಸ ಸಿಲಿಂಡರ್ ನಾಲ್ಕೇ ದಿನಕ್ಕೆ ಖಾಲಿ. ಸ್ಟೋರ್ ರೂಮಿಗೆ ಕಾಲಿಟ್ಟರೆ ತಲೆನೋವು. ಎಲ್ಲಿ ಸೋರುತ್ತಿದೆಯೋ ತಿಳಿಯದೆ ಕೊನೆಗೆ ಅವರ ಬಳಿಯೇ ಹೋಗಿ, ಶುಂಠಿ ಸೋಡಾ ಮಾಡುತ್ತಿದ್ದೇನೆ ಎಂದೆ. ಸಿಕ್ಕಿಬಿದ್ದರೆ ಮನೆ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಅವರ ಮುಖ ನೋಡುವ ಯೋಗ್ಯತೆ ಹೋಗುತ್ತದೆ ಎಂದು ಹೆದರಿದ್ದೆ.

ಸ್ಟೋರ್ ರೂಮಿಗೆ ಬಂದ ಅವರು ಕೆಗ್ ನೋಡಲೇ ಇಲ್ಲ. ಮೊದಲು ತುಕ್ಕು ಹಿಡಿದಿದ್ದ ಕಿಟಕಿಯನ್ನು ಗುದ್ದಿ ತೆಗೆದರು.

"ಈ ಗ್ಯಾಸ್‌ಗೆ ವಾಸ್ನೆ ಇಲ್ಲ ಕಣಪ್ಪ. ಕೆಳಗೇ ಕೂತ್ಕೊತದೆ. ನಿದ್ದೆ ಬಂದಂಗೆ ಬಂದು ಕರ್ಕೊಂಡ್ ಹೋಗ್ಬುಡ್ತದೆ."

ಆಮೇಲೆ ಹಣೆಗೆ ವಿಭೂತಿ ಎಳೆದಂತೆ ಒಂದೊಂದು ಜಾಯಿಂಟಿಗೂ ಮೂರು ಬೆರಳಲ್ಲಿ ನೊರೆ ಎಳೆದರು. ಪೈಪು, ವಾಲ್ವು ಎಲ್ಲ ಸುಮ್ಮನಿದ್ದವು. ಮುಚ್ಚಳದ ಸುತ್ತ ಮಾತ್ರ ಗುಳ್ಳೆ ಎದ್ದವು. ಒಳಗಿನ ಗ್ಯಾಸು ಹೊರಗೆ ಬಿಟ್ಟು, ಮುಚ್ಚಳ ತೆಗೆದು, ಸೀಳಿದ್ದ ರಬ್ಬರ್ ರಿಂಗನ್ನು ಕೈಗೆತ್ತಿಕೊಂಡರು.

"ಇದನ್ನ ಎಲ್ಲಿಟ್ಟಿದ್ದೆ?"

"ಫ್ರೀಜರಲ್ಲಿ ಸಾರ್. ಕುಕ್ಕರ್ ಗ್ಯಾಸ್ಕೆಟ್ ಇಡ್ತಾರಲ್ಲ, ಟೈಟಾಗ್ಲಿ ಅಂತ."

ಅವರು ರಿಂಗನ್ನು ಕಿಟಕಿಯಿಂದ ಆಚೆ ಎಸೆದರು. "ಹೊಸಾದು ತಗೊಂಬಾ. ಮುಚ್ಚಳ ಹಾಕಿದ್ ತಕ್ಷಣ ಗ್ಯಾಸ್ ಬುಡು, ಅದೇ ಒತ್ಕೊಂಡು ಕೂತ್ಕೊತದೆ. ಆಮೇಲೆ ನೊರೆ ಹಚ್ಚಿ ನೋಡು. ಕಿಟಕಿ ಮಾತ್ರ ಮುಚ್ಬೇಡ."

ಬಾಗಿಲಲ್ಲಿ ನಿಂತು ಮೂಗು ಅರಳಿಸಿ, "ಶುಂಠಿ ಘಾಟು ಜೋರಾಗೈತೆ" ಅಂದು ಹೋದರು. ಮನೆಯಲ್ಲಿ ಒಂದು ಚೂರೂ ಶುಂಠಿ ಇರಲಿಲ್ಲ. ಗೇಲಿಯೋ, ವಯಸ್ಸಿಗೆ ಮೂಗು ಸತ್ತಿತ್ತೋ? ತಲೆ ಕೆಟ್ಟುಹೋಯಿತು. ಅಂದಿನಿಂದ ಆ ಕಿಟಕಿ ಮುಚ್ಚಿದ್ದು ಕಂಡರೆ ಹೊರಗಿನಿಂದ ಕುಟ್ಟುತ್ತಿದ್ದರು. ಬೇರೇನೂ ಕೇಳುತ್ತಿರಲಿಲ್ಲ.

ಹೋದ ವರ್ಷ ಅವರಿಗೆ ಶ್ವಾಸಕೋಶ ಕೈಕೊಟ್ಟಿತು. ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್ ಬಂತು. ಒಂದು ಮಧ್ಯಾಹ್ನ ನೋಡಲು ಹೋದಾಗ ನೊರೆಯ ಬಟ್ಟಲಿನತ್ತ ಬೆರಳು ತೋರಿಸಿದರು. ಸಿಲಿಂಡರಿನ ಜಾಯಿಂಟಿಗೆ ನಾನೇ ಮೂರು ಬೆರಳಲ್ಲಿ ನೊರೆ ಎಳೆದೆ. ಗುಳ್ಳೆ ಏಳಲಿಲ್ಲ.

"ಲೀಕ್ ಇಲ್ಲ ಸಾರ್."

ಅವರು ಮಾಸ್ಕ್ ಸರಿಸಿದರು. "ನಿನ್ನ ಬಿಯರ್ ಹೆಂಗೈತೆ?"

ನಾನು ಬಟ್ಟಲು ಕೆಳಗಿಟ್ಟೆ. "ಚೆನ್ನಾಗಿದೆ ಸಾರ್."

"ಕಿಟಕಿ?"

"ತೆಗ್ದಿದೀನಿ."

ಕಣ್ಣು ಮುಚ್ಚಿಕೊಂಡರು. ಮೂರನೇ ದಿನ ಹೋಗಿಬಿಟ್ಟರು. ಅವರಿಗೆ ಎಂದಿನಿಂದ ಗೊತ್ತಿತ್ತು, ಗೊತ್ತಿದ್ದೂ ಯಾಕೆ ಮನೆ ಬಿಡಿಸಲಿಲ್ಲ, ನನಗೆ ಅರ್ಥವೇ ಆಗಿಲ್ಲ. ನಾನೀಗ ಬಿಯರ್ ಮಾಡುವುದಿಲ್ಲ. ಸ್ಟೋರ್ ರೂಮಿನಲ್ಲಿ ಈರುಳ್ಳಿ, ಹಳೇ ಪೇಪರು ಇವೆ. ಕಿಟಕಿ ಮಾತ್ರ ಮುಚ್ಚಿಲ್ಲ.