ನಿಂತು ಕೊಟ್ಟ ಅಳತೆ

ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು. ಅದಿಲ್ಲದಿದ್ದರೆ ನಾನು ಪುಣೆಯಲ್ಲಿ ನರ್ಸ್ ಆಗುತ್ತಿರಲಿಲ್ಲ, ಧಾರವಾಡಕ್ಕೆ ಮರಳಿ ಯಾರದೋ ಮನೆಯ ಹಪ್ಪಳ ಒತ್ತಿಕೊಂಡು ಇರುತ್ತಿದ್ದೆ.

ಆಸ್ಪತ್ರೆಯ ತರಬೇತಿಗೆ ಸೇರುವಾಗ ಬೂಟು ಬೇಕೇ ಬೇಕು ಎಂದರು. ಅಲ್ಲಿಯವರೆಗೆ ಬರಿಗಾಲಲ್ಲೇ ಓಡಾಡಿದವಳು ನಾನು. ಹೆಣ್ಣುಮಗಳು ಅಂಗಡಿಗೆ ಹೋಗಿ ಗಂಡಸಿನ ಕೈಗೆ ಕಾಲು ಕೊಡುವುದುಂಟೇ? ನಾನು ಉಳಿದುಕೊಂಡಿದ್ದ ಮನೆಯ ಸೋದರತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಬಲಗಾಲನ್ನು ಮಾತ್ರ ಕಾಗದದ ಮೇಲಿಡಿಸಿ, ಸುತ್ತಲೂ ಇದ್ದಿಲಿನಿಂದ ಗೆರೆ ಎಳೆದಳು. ಅವಳ ಗಂಡ, ನಮ್ಮ ಮಾಮಾ, ಆ ಕಾಗದ ಮಡಚಿಕೊಂಡು ಕ್ಯಾಂಪಿಗೆ, ಅಂದರೆ ಪುಣೆಯ ದಂಡಿನ ಪೇಟೆಗೆ, ಹೋಗಿ ಅಲ್ಲಿನ ಅಂಗಡಿಯಲ್ಲಿ ಬೂಟು ಮಾಡಿಸಿ ತಂದರು. ನಮ್ಮ ಕಡೆಯ ಹೆಂಗಸರ ಕಾಲಿನ ಅಳತೆ ಅಂಗಡಿಗೆ ಹೋಗುತ್ತಿದ್ದುದೇ ಹಾಗೆ.

ಕುಳಿತಾಗ ಹಿತವಾಗಿದ್ದ ಬೂಟು ನಡೆದರೆ ಜೀವ ಹಿಂಡುತ್ತಿತ್ತು. ಕಿರುಬೆರಳು ಸುಲಿದು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ವಾರ್ಡಿನಲ್ಲಿ ಕುಂಟತೊಡಗಿದೆ. ಅದು ವಾರ್ಡು ನೋಡಿಕೊಳ್ಳುವ ದೊಡ್ಡ ನರ್ಸ್‌ಬಾಯಿಯ ಕಣ್ಣಿಗೆ ಬಿತ್ತು. ಕುಂಟುವವಳು ರೋಗಿಯನ್ನು ಹೇಗೆ ಎತ್ತುತ್ತಾಳೆ, ತಿಂಗಳ ಕೊನೆಗೆ ವರಾಂಡದಲ್ಲಿ ನಡೆಸಿ ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಊರಿಗೆ ಹೋಗು ಎಂದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು.

ಮರುದಿನ ಸ್ನಾನ ಮುಗಿಸಿ ಬಚ್ಚಲಿನಿಂದ ಬಂದಾಗ ಕಲ್ಲಿನ ನೆಲದ ಮೇಲೆ ನನ್ನದೇ ಒದ್ದೆ ಹೆಜ್ಜೆಗಳು ಕಂಡವು. ಬಲಗಾಲಿನದು ನಡುವೆ ಸಣ್ಣಗಿತ್ತು. ಎಡಗಾಲಿನದು ರೊಟ್ಟಿಯ ಹಾಗೆ ಅಗಲ. ಎಡಗಾಲಿನ ಬೂಟು ತಂದು ಆ ಹೆಜ್ಜೆಯ ಮೇಲಿಟ್ಟೆ. ಎರಡೂ ಬದಿಗೆ ಒದ್ದೆ ಗುರುತು ಬೂಟಿನಿಂದಾಚೆ ಕಾಣುತ್ತಿತ್ತು. ಕುಳಿತ ಕಾಲು ಬೇರೆ, ಮೈಭಾರ ಹೊತ್ತು ನಡೆಯುವ ಕಾಲು ಬೇರೆ; ಎಡ ಬಲಗಳೂ ಒಂದೇ ಅಲ್ಲ.

“ಅತ್ತಿ, ನಾ ಕ್ಯಾಂಪಿಗೆ ಹೊಂಟೇನಿ. ನಿಂತು ಅಳತಿ ಕೊಟ್ಟು ಬರ್ತೇನಿ.”

“ಗಂಡಸರ ಮುಂದ ಕಾಲು ತೋರಸ್ತೀಯೇನ? ಮಂದಿ ಏನಂದಾರು?”

“ಮಂದಿ ಮೊದಲ ಈ ಬೂಟು ಹಾಕ್ಕೊಂಡು ನಡೀಲಿ. ಆಮ್ಯಾಲ ಏನರ ಅನ್ನಲಿ.”

ಅತ್ತೆ ಸೆರಗು ಹೊದ್ದು, “ನಡಿ, ಒಬ್ಬಾಕಿನ ಹೋಗಬ್ಯಾಡ” ಎಂದು ತಾನೂ ಟಾಂಗಾ ಹತ್ತಿದಳು.

ಅಂಗಡಿಯಾತ ಸ್ಟೂಲು ಸರಿಸಿದ. ಕೂರುವುದಿಲ್ಲ, ನಿಂತ ಕಾಲನ್ನೇ ಅಳೆಯಿರಿ, ಎರಡನ್ನೂ ಬೇರೆ ಬೇರೆ ಎಂದು ಮರಾಠಿಯಲ್ಲಿ ಹೇಳಿದೆ. ಅಂಗಡಿಯ ಉದ್ದಕ್ಕೂ ನಡೆದು ತೋರಿಸಿದೆ. ಬಾಗಿಲಲ್ಲಿ ಜನ ನಿಂತು ನೋಡಿದರು, ನೋಡಿಕೊಳ್ಳಲಿ. ಎಡಗಾಲು ಒಳಕ್ಕೆ ವಾಲುವುದನ್ನು ಕಂಡ ಆತ, ಹೊಸ ಜೋಡಿ ಹೊಲಿದು, ಎಡಗಾಲಿನ ಬೂಟಿನ ಒಳಬದಿಗೆ ತೊಗಲಿನ ತುಂಡು ಇಟ್ಟು ಎತ್ತರಿಸಿಕೊಟ್ಟ.

ನಡೆಸಿ ನೋಡುವ ದಿನ ನರ್ಸ್‌ಬಾಯಿ ನನ್ನ ಕೈಗೆ ಬಿಸಿನೀರು ತುಂಬಿದ ಬೇಸಿನ್ ಕೊಟ್ಟಳು. ವರಾಂಡದ ಆ ತುದಿಯವರೆಗೆ ಹೋಗಿ ಬಂದೆ. ಒಂದು ಹನಿ ಚೆಲ್ಲಲಿಲ್ಲ. ಮತ್ತೊಮ್ಮೆ ಎಂದಳು. ಮತ್ತೊಮ್ಮೆ ನಡೆದೆ, ಇನ್ನಷ್ಟು ಬಿರುಸಾಗಿ. ಊರಿಗೆ ಕಳಿಸುತ್ತಾಳಂತೆ, ಕಳಿಸಲಿ ನೋಡೋಣ ಎನ್ನುವ ಖುಷಿ ಎದೆ ತುಂಬಿತ್ತು. ಸಾಕು, ಬೇಸಿನ್ ಕೆಳಗಿಡು ಎಂದಳು.

ನಾನು ಇಡಲಿಲ್ಲ. ಯಾವ ರೋಗಿಗೆ ಒಯ್ಯಬೇಕು ಹೇಳಿ ಎಂದು ಕೇಳಿದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕಿಟಕಿ ಪಕ್ಕದ ಮಂಚದವಳ ಮೈ ಒರೆಸಬೇಕು ಎಂದಳು. ಹೋಗಿ ಒರೆಸಿದೆ.